ಹಳದಿ ದೀಪದ ಪೂರ್ವೋತ್ತರ

ಕಾರಿನ ಕೀಲಿಯನ್ನು ತಿರುಗಿಸಿದೊಡನೆ ಚಾಲಕನ ಎದುರಿನ ಫಲಕದಲ್ಲಿ ಹಲವಾರು ಪುಟ್ಟ ದೀಪಗಳು ಒಮ್ಮೆಗೇ ಹೊತ್ತಿಕೊಳ್ಳುತ್ತವೆ. ಎಂಜಿನ್ನು ಚಾಲನೆಗೊಂಡ ಮೇಲೆ ಒಂದೊಂದಾಗಿ ಆರುತ್ತವೆ. ಅವುಗಳಲ್ಲಿ ಹಳದಿ ಬಣ್ಣದ್ದೊಂದಕ್ಕೆ ಎಂಜಿನ್ನಿನದೇ ಆಕಾರ. ಒಂದು ದಿನ ಅದು ಆರದೆ ಉಳಿಯುತ್ತದೆ, ಇಲ್ಲವೆ ದಾರಿಯ ನಡುವೆ ತಾನಾಗಿ ಹೊತ್ತಿಕೊಳ್ಳುತ್ತದೆ. ಅನೇಕ ವೇಳೆ ಕಾರು ಎಂದಿನಂತೆಯೇ ಓಡುತ್ತಿರುತ್ತದೆ. ಸದ್ದಿಲ್ಲ, ಹೊಗೆಯಿಲ್ಲ, ಎಳೆತದಲ್ಲಿ ಕೊರತೆಯಿಲ್ಲ. ಏನಾಗಿದೆಯೆಂದು ದೀಪ ಹೇಳುವುದಿಲ್ಲ. ಏನೋ ಆಗಿದೆ ಎಂದಷ್ಟೇ ತಿಳಿಸುತ್ತದೆ. ನಮ್ಮ ಆಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ ಅದರದು ವಾಚ್ಯವಲ್ಲ, ಸೂಚ್ಯ.

ಕನ್ನಡ ಪಾಠ ಹೇಳಿಕೊಂಡು ಕಾಲ ಕಳೆದವನಿಗೆ ಕಾರಿನ ದೀಪದ ಉಸಾಬರಿ ಏಕೆಂದು ಕೇಳುಗರಿಗೆ ಅನ್ನಿಸಬಹುದು. ನಾನು ಆ ದೀಪವನ್ನು ತಪ್ಪಾಗಿ ಓದಿದೆ. ತಪ್ಪಿಗೆ ತಕ್ಕ ದಂಡವನ್ನೂ ತೆತ್ತೆ. ಒಂದು ಶಬ್ದದ ಅರ್ಥ ಕೈಗೆ ಸಿಕ್ಕದಿದ್ದಾಗ ಅದರ ಹುಟ್ಟನ್ನು ಹುಡುಕಿಕೊಂಡು ಹೋಗುವುದು ನಮ್ಮ ಕಸುಬಿನವರ ಅಭ್ಯಾಸ. ಅದೇ ಅಭ್ಯಾಸದಿಂದ ಈ ದೀಪದ ಪೂರ್ವೋತ್ತರವನ್ನು ವಿಚಾರಿಸಿದೆ. ತಿಳಿದುಬಂದ ಸಂಗತಿ ನನ್ನ ಎಣಿಕೆಗೆ ತೀರ ವಿರುದ್ಧವಾಗಿತ್ತು.

ಎಚ್ಚರಿಕೆಯ ದೀಪಗಳೇನೋ ಹಳೆಯವು. ಎಣ್ಣೆಯ ಒತ್ತಡ ಕುಸಿದರೆ, ವಿದ್ಯುತ್ತಿನ ಪೂರೈಕೆ ನಿಂತರೆ ಹೊತ್ತುವ ದೀಪಗಳನ್ನು ಅಮೆರಿಕದ ಹಡ್ಸನ್ ಕಾರುಗಳು ೧೯೩೦ರ ದಶಕದಲ್ಲಿಯೇ ಬಳಕೆಗೆ ತಂದಿದ್ದವು. ಮುಳ್ಳಿನ ಮಾಪಕಗಳನ್ನು ಓದಬಲ್ಲ ಚಾಲಕರು ಅವುಗಳನ್ನು ‘ಮೂಢರ ದೀಪ’ಗಳೆಂದು ಹಂಗಿಸಿದರು. ಈ ದೀಪಗಳು ಕಾರಿನ ಒಡೆಯನ ಪರವಾಗಿ ಮಾತನಾಡುತ್ತವೆ: ನಿನ್ನ ಎಂಜಿನ್ನು ಹಾಳಾಗಲಿದೆ, ನಿನ್ನ ಹಣ ಹೋಗಲಿದೆ, ನಿಲ್ಲು ಎನ್ನುತ್ತವೆ. ಹಳದಿ ದೀಪವೂ ಇದೇ ಕುಲದ್ದೆಂದು ನಾನು ತಿಳಿದಿದ್ದೆ. ಆದರೆ ಅದರ ವಂಶವೇ ಬೇರೆ. ಅದರ ಮೂಲವನ್ನು ಹುಡುಕಬೇಕಾದರೆ ಮೋಟಾರು ಕಾರ್ಖಾನೆಯನ್ನು ಬಿಟ್ಟು ಒಂದು ನಗರದ ಆಕಾಶವನ್ನು ನೋಡಬೇಕು.

೧೯೪೩ರ ಜುಲೈ ೨೬ರಂದು ಕ್ಯಾಲಿಫೋರ್ನಿಯದ ಲಾಸ್ ಏಂಜಲಿಸ್ ನಗರದ ಮೇಲೆ ಕಂದುಬಣ್ಣದ ಮಬ್ಬು ಕವಿಯಿತು. ಜನರ ಕಣ್ಣು ಉರಿಯಿತು, ಗಂಟಲು ಕಟ್ಟಿತು, ಮೂರು ಬೀದಿಗಳಾಚೆಗೆ ಏನೂ ಕಾಣದಾಯಿತು. ಅದು ಯುದ್ಧದ ಕಾಲ. ಜಪಾನೀಯರು ವಿಷಾನಿಲ ಬಿಟ್ಟರೋ ಎಂದು ಹಲವರು ಶಂಕಿಸಿದರು. ಆಮೇಲೆ ಕೃತಕ ರಬ್ಬರಿಗೆ ಬೇಕಾದ ರಾಸಾಯನಿಕವನ್ನು ತಯಾರಿಸುತ್ತಿದ್ದ ಕಾರ್ಖಾನೆಯೊಂದರ ಮೇಲೆ ಅಪವಾದ ಬಂದಿತು. ಕಾರ್ಖಾನೆಯನ್ನು ಕೆಲಕಾಲ ಮುಚ್ಚಿದರೂ ಮಬ್ಬು ಕರಗಲಿಲ್ಲ.

ನಿಜವಾದ ಅಪರಾಧಿಯನ್ನು ಹಿಡಿದುಕೊಟ್ಟವರು ಡಚ್ ಮೂಲದ ಜೀವರಸಾಯನ ವಿಜ್ಞಾನಿ ಏರೀ ಹಾಗೆನ್-ಸ್ಮಿತ್. ಅವರು ಪ್ಯಾಸಡೀನದ ಕ್ಯಾಲ್‌ಟೆಕ್ ಸಂಸ್ಥೆಯಲ್ಲಿ ಅನಾನಸು ಹಣ್ಣಿನ ಸುವಾಸನೆ ಯಾವ ದ್ರವ್ಯಗಳಿಂದ ಹುಟ್ಟುತ್ತದೆಂದು ಶೋಧಿಸುತ್ತಿದ್ದರು. ಹಣ್ಣಿನ ಆವಿಯನ್ನು ತಂಪಿಸಿ ಹಿಡಿಯುತ್ತಿದ್ದ ಅದೇ ವಿಧಾನದಿಂದ ನಗರದ ಗಾಳಿಯನ್ನೂ ಹಿಡಿದು ಪರೀಕ್ಷಿಸಿದರು. ವಾಹನಗಳಿಂದಲೂ ತೈಲ ಶುದ್ಧೀಕರಣದ ಕಾರ್ಖಾನೆಗಳಿಂದಲೂ ಹೊರಬೀಳುವ, ಪೂರ್ತಿ ಉರಿಯದ ಹೈಡ್ರೊಕಾರ್ಬನ್ನುಗಳು ನೈಟ್ರೊಜನ್ನಿನ ಆಕ್ಸೈಡುಗಳೊಡನೆ ಬಿಸಿಲಿನಲ್ಲಿ ಬೆರೆತು ಓಜೋನ್ ಮೊದಲಾದ ಕಟುದ್ರವ್ಯಗಳಾಗುತ್ತವೆಂದು ೧೯೫೨ರ ಪ್ರಬಂಧದಲ್ಲಿ ವಿವರಿಸಿದರು. ಆ ಊರಿನಲ್ಲಿ ರಬ್ಬರು ಬೇಗ ಬಿರುಕುಬಿಡುತ್ತಿದ್ದುದಕ್ಕೂ ಓಜೋನೇ ಕಾರಣವಾಗಿತ್ತು. ತೈಲೋದ್ಯಮದ ಕಡೆಯವರು ಆಕ್ಷೇಪವೆತ್ತಿದರು; ಅವರು ಜಗ್ಗಲಿಲ್ಲ. ಮುಂದೆ ಕ್ಯಾಲಿಫೋರ್ನಿಯದ ವಾಯು ಸಂಪನ್ಮೂಲ ಮಂಡಲಿ ಸ್ಥಾಪನೆಯಾದಾಗ ಅದರ ಮೊದಲ ಅಧ್ಯಕ್ಷರಾದವರೂ ಅವರೇ.

ಅಮೆರಿಕದ ೧೯೭೦ರ ಶುದ್ಧವಾಯು ಕಾನೂನು ವಾಹನಗಳ ವಿಷವನ್ನು ಶೇಕಡಾ ೯೦ರಷ್ಟು ತಗ್ಗಿಸಬೇಕೆಂದು ವಿಧಿಸಿತು. ಅದರ ಫಲವಾಗಿ ೧೯೭೫ರ ಮಾದರಿಯ ಕಾರುಗಳಲ್ಲಿ ಕೆಟಲಿಟಿಕ್ ಕನ್ವರ್ಟರ್, ಎಂದರೆ ವೇಗವರ್ಧಕ ಪರಿವರ್ತಕ, ಬಂದಿತು. ಹೊಗೆಕೊಳವೆಯ ನಡುವೆ ಕೂರಿಸಿದ ಈ ಡಬ್ಬದೊಳಗೆ ಜೇನುಗೂಡಿನಂಥ ಪಿಂಗಾಣಿಯಿದ್ದು ಅದಕ್ಕೆ ಪ್ಲಾಟಿನಂ ಜಾತಿಯ ಲೋಹಗಳ ತೆಳುಲೇಪವಿರುತ್ತದೆ. ಅದನ್ನು ಹಾದುಹೋಗುವ ವಿಷಾನಿಲಗಳು ಬಹುಮಟ್ಟಿಗೆ ನಿರಪಾಯವಾಗುತ್ತವೆ. ಆದರೆ ಈ ಡಬ್ಬ ಬಲು ನಾಜೂಕು. ಪೆಟ್ರೋಲಿನಲ್ಲಿ ಸೀಸವಿದ್ದರೆ ಅದು ಸಾಯುತ್ತದೆ. ಗಾಳಿ ಮತ್ತು ಪೆಟ್ರೋಲುಗಳ ತೂಕ ೧೪.೭ಕ್ಕೆ ೧ರ ಆಸುಪಾಸಿನಲ್ಲಿ ನಿಂತರೆ ಮಾತ್ರ ಮೂರು ಬಗೆಯ ವಿಷಗಳನ್ನೂ ಅದು ಒಟ್ಟಿಗೆ ಪರಿಹರಿಸಬಲ್ಲದು. ಇಷ್ಟು ಬಿಗಿಯಾದ ಅಳತೆ ಹಳೆಯ ಕಾರ್ಬ್ಯುರೇಟರಿಗೆ ಮೀರಿದ ಮಾತು. ಆದಕಾರಣ ೧೯೭೬ರಲ್ಲಿ ಬಾಷ್ ಸಂಸ್ಥೆಯ ಆಮ್ಲಜನಕ ಸಂವೇದಕ ವೋಲ್ವೊ ಕಾರಿನ ಹೊಗೆಕೊಳವೆಯನ್ನು ಸೇರಿತು. ಅದರ ಸುದ್ದಿಯನ್ನು ಓದಿ ಕ್ಷಣಕ್ಷಣಕ್ಕೂ ಪೆಟ್ರೋಲನ್ನು ತೂಗಿಕೊಡಲು ಗಣಕ ಬಂದಿತು.

ಇಲ್ಲಿ ಹೊಸದೊಂದು ತೊಡಕು ತಲೆದೋರಿತು. ಕಾರ್ಖಾನೆಯಿಂದ ಹೊರಟಾಗ ಶುದ್ಧವಾಗಿದ್ದ ಕಾರು ನಾಲ್ಕು ವರ್ಷಗಳ ಬಳಿಕವೂ ಹಾಗೆಯೇ ಇರುವುದೆಂಬ ಭರವಸೆಯೇನು? ಸಂವೇದಕ ಸೋತರೂ ಪರಿವರ್ತಕ ಸತ್ತರೂ ಕಾರು ಓಡುತ್ತದೆ. ಒಡೆಯನಿಗೆ ಕಷ್ಟವಿಲ್ಲವಾದ್ದರಿಂದ ಅವನಿಗೆ ಗೊತ್ತಾಗುವುದೂ ಇಲ್ಲ. ಕಷ್ಟ ಪಡುವವರು ಬೀದಿಯಲ್ಲಿರುವವರು. ಅವರ ಕೈಯಲ್ಲಿ ಕೀಲಿಯಿಲ್ಲ. ಜನರಲ್ ಮೋಟಾರ್ಸ್ ಸಂಸ್ಥೆ ೧೯೮೧ರ ಹೊತ್ತಿಗೆ ತನ್ನ ಗಣಕಯುಕ್ತ ಕಾರುಗಳಲ್ಲಿ ‘ಎಂಜಿನ್ ನೋಡಿಸಿ’ ಎಂಬ ದೀಪವನ್ನು ಇಟ್ಟಿತ್ತು. ಕ್ಯಾಲಿಫೋರ್ನಿಯದ ಮಂಡಲಿ ೧೯೮೮ರ ಮಾದರಿಯಿಂದ ಇಂಥ ಸ್ವಯಂಪರೀಕ್ಷೆಯನ್ನೂ ದೀಪವನ್ನೂ ಕಡ್ಡಾಯಗೊಳಿಸಿತು. ೧೯೯೬ರಿಂದ ಅಮೆರಿಕದಲ್ಲಿ ಮಾರುವ ಎಲ್ಲ ಹೊಸ ಕಾರುಗಳಿಗೂ ಒಂದೇ ಬಗೆಯ ೧೬ ಮೊಳೆಗಳ ಸಂಪರ್ಕದ್ವಾರ, ಒಂದೇ ಸಂಕೇತಭಾಷೆ ಬಂದವು. ವಿಷದ ಪ್ರಮಾಣ ಕಾನೂನಿನ ಮಿತಿಯ ಸುಮಾರು ಒಂದೂವರೆ ಪಟ್ಟನ್ನು ದಾಟಿಸಬಲ್ಲ ದೋಷ ಕಂಡರೆ ದೀಪ ಹೊತ್ತಬೇಕೆಂಬುದು ಅದರ ಸ್ಥೂಲ ನಿಯಮ. ಹೀಗೆ ಹುಟ್ಟಿದ ದೀಪ ಕಾರಿನೊಳಗಿದ್ದರೂ ಅದು ಮಾತನಾಡುವುದು ಕಾರಿನ ಹಿಂದೆ ನಿಂತವನ ಪರವಾಗಿ. ನನಗೆ ತಿಳಿಯದೆ ಹೋದದ್ದು ಈ ಸಂಗತಿಯೇ.

ಆ ಸಂಕೇತಭಾಷೆಯ ಬಗ್ಗೆ ಎರಡು ಮಾತು. ಆರಂಭದ ದಿನಗಳಲ್ಲಿ ಮೆಕ್ಯಾನಿಕ್ಕರು ಎರಡು ತಂತಿತುದಿಗಳನ್ನು ಜೋಡಿಸಿ, ದೀಪ ಎಷ್ಟು ಬಾರಿ ಮಿಟುಕುತ್ತದೆಂದು ಎಣಿಸುತ್ತಿದ್ದರು. ಒಂದು ಮಿಟುಕು, ಬಿಡುವು, ಎರಡು ಮಿಟುಕು ಎಂದರೆ ೧೨. ಈಗ ಅಂಗೈಯಗಲದ ಉಪಕರಣವನ್ನು ಚುಚ್ಚಿದರೆ ಅಕ್ಷರವೂ ಅಂಕಿಗಳೂ ಮೂಡುತ್ತವೆ. ಪಿ ೦೩೦೧ ಎಂದರೆ ಮೊದಲನೆಯ ಸಿಲಿಂಡರಿನಲ್ಲಿ ಉರಿ ತಪ್ಪುತ್ತಿದೆ, ಮೆಕ್ಯಾನಿಕ್ಕರ ಮಾತಿನಲ್ಲಿ ‘ಮಿಸ್ಸಿಂಗ್’. ಪಿ ೦೧೭೧ ಎಂದರೆ ಮಿಶ್ರಣದಲ್ಲಿ ಪೆಟ್ರೋಲು ಸಾಲದು. ಪಿ ೦೪೨೦ ಎಂದರೆ ಪರಿವರ್ತಕದ ಶಕ್ತಿ ಕುಂದಿದೆ. ಆದರೆ ನೆನಪಿಡಬೇಕು: ಇವು ರೋಗದ ಹೆಸರುಗಳಲ್ಲ, ಲಕ್ಷಣಗಳ ಹೆಸರುಗಳು. ಪೆಟ್ರೋಲು ಸಾಲದೆಂಬ ಸಂಕೇತಕ್ಕೆ ಒಡೆದ ರಬ್ಬರ್ ಕೊಳವೆ ಕಾರಣವಿರಬಹುದು, ಕೊಳೆಯಾದ ಗಾಳಿಯ ಸಂವೇದಕವಿರಬಹುದು, ಸೋತ ಪಂಪಿರಬಹುದು. ಅಂಕಿಯನ್ನು ಓದಿ ಕೂಡಲೇ ಬಿಡಿಭಾಗ ಬದಲಿಸುವವನು ನಿಘಂಟು ನೋಡಿ ಕಾವ್ಯಕ್ಕೆ ಅರ್ಥ ಹೇಳುವವನಂತೆ.

ನಮ್ಮ ದೇಶಕ್ಕೆ ಈ ದೀಪ ತಡವಾಗಿ ಬಂದಿತು. ಅಂಬಾಸಿಡರ್, ಫಿಯೆಟ್ ಕಾರುಗಳ ಕಾಲದಲ್ಲಿ ಎಂಜಿನ್ನಿನ ಆರೋಗ್ಯ ತಿಳಿಯುತ್ತಿದ್ದುದು ಮೆಕ್ಯಾನಿಕ್ಕನ ಕಿವಿಗೆ. ಬಾನೆಟ್ಟನ್ನೆತ್ತಿ, ತಲೆ ವಾಲಿಸಿ, ಸದ್ದು ಕೇಳಿ ಅವನು ಕಾಯಿಲೆ ಹೇಳುತ್ತಿದ್ದ. ಆ ಕಿವಿ ದೊಡ್ಡದೇ. ಆದರೆ ಹೊಗೆಯೊಳಗಿನ ಕಾಣದ ವಿಷ ಯಾವ ಕಿವಿಗೂ ಕೇಳುವಂಥದಲ್ಲ. ೧೯೯೫ರಲ್ಲಿ ದೆಹಲಿ, ಮುಂಬಯಿ, ಕಲ್ಕತ್ತ, ಮದರಾಸುಗಳ ಹೊಸ ಪೆಟ್ರೋಲ್ ಕಾರುಗಳಿಗೆ ಪರಿವರ್ತಕ ಕಡ್ಡಾಯವಾಯಿತು. ೨೦೦೦ದ ಫೆಬ್ರವರಿಯಿಂದ ಸೀಸದ ಪೆಟ್ರೋಲು ದೇಶದಿಂದಲೇ ನಿರ್ಗಮಿಸಿತು. ೨೦೧೦ರ ಏಪ್ರಿಲ್‌ನಲ್ಲಿ ಬೆಂಗಳೂರೂ ಸೇರಿದಂತೆ ಕೆಲವು ನಗರಗಳಲ್ಲಿ ಭಾರತ್ ಸ್ಟೇಜ್ ನಾಲ್ಕು ಜಾರಿಗೆ ಬಂದಾಗ ಅದರೊಡನೆ ಸ್ವಯಂಪರೀಕ್ಷೆಯ ಮೊದಲ ಘಟ್ಟವೂ, ೨೦೧೩ರಲ್ಲಿ ಎರಡನೆಯ ಘಟ್ಟವೂ ಬಂದವು. ೨೦೨೦ರ ಏಪ್ರಿಲ್‌ನಿಂದ ಸ್ಕೂಟರು, ಬೈಕುಗಳ ಫಲಕದಲ್ಲಿಯೂ ಹಳದಿ ದೀಪ ಕಡ್ಡಾಯವಾಗಿ ಕಾಣಿಸಿಕೊಂಡಿತು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನ ಕಾರಿನಲ್ಲಿ ಈ ದೀಪ ಹೊತ್ತಿತು. ನಿಂತಾಗ ಎಂಜಿನ್ನಿನಲ್ಲಿ ಸ್ವಲ್ಪ ನಡುಕವಿತ್ತು. ಕಾರಿಗೂ ವಯಸ್ಸಾಗುತ್ತಿದೆ ಎಂದುಕೊಂಡೆ. ಹತ್ತಿರದ ಗ್ಯಾರೇಜಿನವರು ಉಪಕರಣ ಚುಚ್ಚಿ, “ಗಾಡಿ ಚೆನ್ನಾಗೇ ಓಡ್ತಿದೆಯಲ್ಲ ಮೇಷ್ಟ್ರೇ, ಸುಮ್ನೆ ಅಳಿಸಿಬಿಡ್ತೀನಿ” ಎಂದರು. ದೀಪ ಆರಿತು. ವಾರದೊಳಗೆ ಮತ್ತೆ ಹೊತ್ತಿತು, ಮತ್ತೆ ಅಳಿಸಿದರು. ಮೂರನೆಯ ಬಾರಿ, “ಒಂದು ಕರೀ ಟೇಪು ಅಂಟಿಸಿಬಿಡೋಣ, ನಿಮಗೆ ಕಾಣ್ಸೋದೇ ಬೇಡ” ಎಂದರು. ನಾನು ನಕ್ಕು ಒಪ್ಪಿದೆ. ಆ ನಗೆಯನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ಐದು ತಿಂಗಳು ಹಾಗೆಯೇ ಓಡಾಡಿದೆ. ಒಂದು ದಿನ ಏರಿನಲ್ಲಿ ಕಾರು ಉಸಿರುಗಟ್ಟಿದಂತೆ ನಿಂತಿತು. ಬೇರೊಬ್ಬ ಹಿರಿಯ ಮೆಕ್ಯಾನಿಕ್ಕರು ನೋಡಿ ವಿವರಿಸಿದರು: ಮೊದಲು ಕೆಟ್ಟದ್ದು ಒಂದು ಇಗ್ನಿಷನ್ ಕಾಯಿಲು, ಎರಡು ಸಾವಿರ ಚಿಲ್ಲರೆಯ ವಸ್ತು. ಅದರಿಂದ ಒಂದು ಸಿಲಿಂಡರಿನಲ್ಲಿ ಉರಿಯದೆ ಉಳಿದ ಪೆಟ್ರೋಲು ಪರಿವರ್ತಕಕ್ಕೆ ಹೋಗಿ ಅಲ್ಲಿ ಉರಿಯಿತು. ಆ ಕಾವಿಗೆ ಪಿಂಗಾಣಿಯ ಜೇನುಗೂಡು ಕರಗಿ ದಾರಿ ಕಟ್ಟಿತು. ಅದನ್ನು ಬದಲಿಸಲು ಹತ್ತು ಪಟ್ಟಿಗೂ ಮಿಗಿಲಾದ ಹಣ ಬೇಕಾಯಿತು.

ಹಣದ ಮಾತು ಅಷ್ಟಕ್ಕೆ ಮುಗಿಯಿತು. ಮುಗಿಯದ ಮಾತೊಂದು ಉಳಿದಿದೆ. ನಮ್ಮ ವಸತಿಗೃಹದ ಕಾವಲುಗಾರರು ಪ್ರತಿದಿನ ಬೆಳಿಗ್ಗೆ ನಾನು ಕಾರನ್ನು ಹಿಂದಕ್ಕೆ ತೆಗೆಯುವಾಗ ಹಿಂಬದಿಯಲ್ಲಿ ನಿಂತು “ಬನ್ನಿ, ಬನ್ನಿ” ಎಂದು ದಾರಿ ತೋರಿಸುತ್ತಿದ್ದರು. ಆ ತಿಂಗಳುಗಳಲ್ಲಿ ಅವರು ಹೆಗಲ ಟವಲನ್ನು ಮೂಗಿಗೆ ಹಿಡಿದುಕೊಂಡಿರುತ್ತಿದ್ದುದನ್ನು ಕನ್ನಡಿಯಲ್ಲಿ ಕಂಡಿದ್ದೆ, ನೆಗಡಿಯಿರಬೇಕೆಂದು ತಿಳಿದಿದ್ದೆ. ಕಾರು ದುರಸ್ತಿಯಾಗಿ ಬಂದ ಮೇಲೆ ಕೇಳಿದಾಗ, “ವಾಸ್ನೆ ಬರ್ತಿತ್ತು ಬುದ್ಧಿ, ಕಣ್ಣು ಉರೀತಿತ್ತು. ದೊಡ್ಡೋರಿಗೆ ಏನು ಹೇಳೋದು ಅಂತ ಸುಮ್ನಿದ್ದೆ” ಎಂದರು. ಅವರು ಹೇಳಲಾರದೆ ಉಳಿದದ್ದನ್ನು ಹೇಳಲೆಂದೇ ಒಂದು ದೀಪವಿತ್ತು. ಅದಕ್ಕೆ ನಾನು ಟೇಪು ಅಂಟಿಸಿದ್ದೆ.

ದೊಡ್ಡ ಪ್ರಮಾಣದಲ್ಲಿಯೂ ಇಂಥದು ನಡೆದಿದೆ. ಫೋಕ್ಸ್‌ವ್ಯಾಗನ್ ಸಂಸ್ಥೆಯ ಡೀಸೆಲ್ ಕಾರುಗಳು ಪರೀಕ್ಷೆಯ ಸಮಯವನ್ನು ಗುರುತಿಸಿ ಆಗ ಮಾತ್ರ ಶುದ್ಧವಾಗಿರುವಂತೆ ಗಣಕಕ್ಕೆ ಕಲಿಸಿದ್ದ ಸಂಗತಿ ೨೦೧೫ರ ಸೆಪ್ಟೆಂಬರಿನಲ್ಲಿ ಬಯಲಾಯಿತು. ರಸ್ತೆಯಲ್ಲಿ ಕೆಲವು ಕಾರುಗಳ ನೈಟ್ರೊಜನ್ ಆಕ್ಸೈಡು ಮಿತಿಯ ೪೦ ಪಟ್ಟಿನವರೆಗೂ ಇತ್ತು. ಜಗತ್ತಿನಾದ್ಯಂತ ಅಂಥ ಕಾರುಗಳು ಸುಮಾರು ೧ ಕೋಟಿ ೧೦ ಲಕ್ಷ. ಅಷ್ಟೂ ಕಾಲ ಫಲಕದ ಹಳದಿ ದೀಪ ಆರಿಯೇ ಇತ್ತು. ಕಾರಿನ ಬೆನ್ನಿಗೆ ಅಳತೆಯ ಯಂತ್ರ ಕಟ್ಟಿ ರಸ್ತೆಯ ಮೇಲೆ ಓಡಿಸಿ ಮೊದಲ ಸುಳಿವು ಕೊಟ್ಟದ್ದು ವೆಸ್ಟ್ ವರ್ಜೀನಿಯ ವಿಶ್ವವಿದ್ಯಾಲಯದ ಒಂದು ಚಿಕ್ಕ ತಂಡ. ಅದರಲ್ಲಿದ್ದ ತರುಣ ಎಂಜಿನಿಯರುಗಳಲ್ಲಿ ಒಬ್ಬರು ನಮ್ಮ ಬೆಂಗಳೂರಿನವರು. ಆ ಸುದ್ದಿಯನ್ನು ಓದಿ ನಾನು ಅಂದು ಕಂಪನಿಯನ್ನು ಧಾರಾಳವಾಗಿ ಬೈದಿದ್ದೆ. ಅವರು ಕಾರ್ಖಾನೆಯಲ್ಲಿ ಮಾಡಿದ್ದನ್ನೇ ಕೆಲವು ವರ್ಷಗಳ ಮೇಲೆ ನಾನು ಗ್ಯಾರೇಜಿನಲ್ಲಿ ಮಾಡಿಸಿದೆ.

ಕೊನೆಗೆ, ಉಪಯೋಗಕ್ಕೆ ಬರುವ ನಾಲ್ಕು ಮಾತು. ಕೆಂಪು ದೀಪ, ಅದರಲ್ಲಿಯೂ ಎಣ್ಣೆಯದು, ಹೊತ್ತಿದರೆ ಆ ಕ್ಷಣವೇ ಬದಿಗೆ ನಿಲ್ಲಿಸಿ ಎಂಜಿನ್ನನ್ನು ಆರಿಸಬೇಕು. ಹಳದಿ ದೀಪ ಸ್ಥಿರವಾಗಿ ಉರಿಯುತ್ತಿದ್ದು ಬೇರೆ ಲಕ್ಷಣವಿಲ್ಲದಿದ್ದರೆ ಗಾಬರಿ ಬೇಡ, ನಿಧಾನವಾಗಿ ಮನೆ ಸೇರಬಹುದು; ಆದರೆ ಕೆಲವೇ ದಿನಗಳಲ್ಲಿ ತೋರಿಸಬೇಕು. ಅದು ಮಿಟುಕುತ್ತಿದ್ದರೆ ಪರಿವರ್ತಕ ಸುಡುವಷ್ಟು ಉರಿ ತಪ್ಪುತ್ತಿದೆ ಎಂದರ್ಥ. ವೇಗ ತಗ್ಗಿಸಿ, ಆದಷ್ಟು ಬೇಗ ನಿಲ್ಲಿಸಬೇಕು. ಸಂಕೇತವನ್ನು ಅಳಿಸುವ ಮೊದಲು ಕಾಗದದಲ್ಲಿ ಬರೆಸಿಕೊಳ್ಳಬೇಕು. ದೋಷ ನಿಜವಾಗಿ ಸರಿಹೋದರೆ ಸಾಮಾನ್ಯವಾಗಿ ಮೂರು ಪ್ರಯಾಣಗಳ ಪರೀಕ್ಷೆ ನಿರ್ವಿಘ್ನವಾಗಿ ಮುಗಿದೊಡನೆ ದೀಪ ತಾನಾಗಿಯೇ ಆರುತ್ತದೆ; ಅದನ್ನು ನಾವು ಆರಿಸಬೇಕಾಗಿಲ್ಲ.

ನನ್ನ ಕಾರಿನ ಫಲಕದ ಮೇಲೆ ಟೇಪಿನ ಅಂಟು ಇನ್ನೂ ಸ್ವಲ್ಪ ಉಳಿದಿದೆ. ಸೀಮೆಎಣ್ಣೆ ಸವರಿದರೆ ಹೋಗುತ್ತದೆಂದು ಮೆಕ್ಯಾನಿಕ್ಕರು ಹೇಳಿದರು. ಹಾಗೆಯೇ ಇರಲೆಂದು ಬಿಟ್ಟಿದ್ದೇನೆ.