ಮೃತ್ಯುಪತ್ರ ಸಿಕ್ಕರೆ ಸಾಲದು

ಸಿರಸಂಗಿ ಲಿಂಗರಾಜ ದೇಸಾಯಿಯವರ ಹೆಸರು ಧಾರವಾಡದವರಿಗೆ ಹೊಸದಲ್ಲ. 1904ರಲ್ಲಿ ಇದೇ ಊರಲ್ಲಿ ಸೇರಿದ ವೀರಶೈವ ಮಹಾಸಭೆಯ ಮೊದಲ ಅಧಿವೇಶನಕ್ಕೆ ಅವರೇ ಅಧ್ಯಕ್ಷರು. ಎರಡು ವರ್ಷಕ್ಕೆ ತೀರಿಕೊಂಡರು. ನವಲಗುಂದ–ಸಿರಸಂಗಿ ಮನೆತನದ ಆಸ್ತಿಯನ್ನು ಸಮಾಜದ ಮಕ್ಕಳ ಓದಿಗೆಂದು ಮೃತ್ಯುಪತ್ರ ಬರೆದಿಟ್ಟಿದ್ದರು. ಜಯಂತಿಯ ಭಾಷಣಗಳಲ್ಲಿ ಕತೆ ಇಲ್ಲಿಗೆ ಮುಗಿದು ಚಪ್ಪಾಳೆ ಬೀಳುತ್ತದೆ. ನನಗೆ ಮಾತ್ರ ಒಂದು ಪ್ರಶ್ನೆ ಉಳಿಯಿತು: ದೇಸಗತಿಯದು ವತನದ ಆಸ್ತಿ, ಅಂದರೆ ವಂಶಪಾರಂಪರ್ಯ ಹುದ್ದೆಗೆ ಅಂಟಿದ ಆಸ್ತಿ; ಅದನ್ನು ಹಾಗೆ ಬರೆದುಕೊಡಲು ಬರುತ್ತಿತ್ತೇ?

ಸುಲಭವಾಗಿ ಬರುತ್ತಿರಲಿಲ್ಲ. 1874ರ ಮುಂಬೈ ವತನ ಕಾಯ್ದೆಯ 5ನೇ ಕಲಂ ಕೈ ಕಟ್ಟಿಹಾಕಿತ್ತು. ಅದೇ ವತನದ ಪಾಲುದಾರನಲ್ಲದವನಿಗೆ, ಸರ್ಕಾರದ ಮಂಜೂರಾತಿ ಇಲ್ಲದೆ, ತನ್ನ ಜೀವಮಾನ ಮೀರಿದ ಹಕ್ಕನ್ನು ವತನದಾರ ಕೊಡುವಂತಿರಲಿಲ್ಲ. ಹಾಗಾಗಿ ಇಂಥ ಮೃತ್ಯುಪತ್ರದಿಂದ ಹುಟ್ಟಿದ ಟ್ರಸ್ಟಿನ ಬೆನ್ನು ಹತ್ತಿದವನು ಮೃತ್ಯುಪತ್ರಕ್ಕಿಂತ ಮೊದಲು ಹುಡುಕಬೇಕಾದ್ದು ವತನದ ರಜಿಸ್ಟರು: ಯಾವ ಸರ್ವೆ ನಂಬರು ವತನದ್ದು, ಯಾವುದು ಸ್ವಂತ ಗಳಿಕೆ.

ಮೃತ್ಯುಪತ್ರಕ್ಕೆ ಸಬ್‌ರಜಿಸ್ಟ್ರಾರ ಕಚೇರಿಯ ಮೂರನೇ ಪುಸ್ತಕ ನೋಡಬೇಕು. ನೋಂದಣಿ ಆಗಿದ್ದರೆ ಮಾತ್ರ. ಉಯಿಲನ್ನು ನೋಂದಾಯಿಸಲೇಬೇಕೆಂಬ ಕಟ್ಟಳೆ ಅಂದೂ ಇಲ್ಲ, ಇಂದೂ ಇಲ್ಲ. ಅಷ್ಟೇಕೆ, 1927ರ ಜನವರಿ 1ಕ್ಕೆ ಮೊದಲು ಧಾರವಾಡದಂಥ ಊರುಗಳಲ್ಲಿ ಹಿಂದೂಗಳ ಉಯಿಲಿಗೆ ಸಾಕ್ಷಿಗಳ ಸಹಿಯೂ ಕಡ್ಡಾಯವಿರಲಿಲ್ಲ. ಬರೆದವರು ಬದುಕಿರುವವರೆಗೆ ಈ ಪುಸ್ತಕದ ನಕಲು ಅವರಿಗೆ ಮಾತ್ರ. ತೀರಿಕೊಂಡ ಮೇಲೆ ಅರ್ಜಿ ಹಾಕಿದ ಯಾರಿಗಾದರೂ ಸಿಗುತ್ತದೆ.

ಅದೇ ಪುಸ್ತಕದಲ್ಲಿ ಇನ್ನೊಂದು ಬಗೆಯ ಕಾಗದವೂ ಇರುತ್ತದೆ: ದತ್ತಕ ತೆಗೆದುಕೊಳ್ಳಲು ಕೊಟ್ಟ ಅಧಿಕಾರಪತ್ರ. ಸಂಶೋಧಕನಿಗೆ ಇದು ದೊಡ್ಡ ಸುಳಿವು. ಮುಂಬೈ ಇಲಾಖೆಯಲ್ಲಿ ಗಂಡ ಬೇಡವೆಂದಿರದಿದ್ದರೆ ವಿಧವೆ ತಾನಾಗಿಯೇ ದತ್ತು ಸ್ವೀಕರಿಸಬಹುದಿತ್ತು. ಆದರೂ ಅಧಿಕಾರಪತ್ರ ಬರೆಸಿದ್ದರೆ ಅದಕ್ಕೆ ಕಾರಣವಿರುತ್ತದೆ: ದತ್ತಕನ ಬೆನ್ನಿಗೆ ದಾವೆಗಳು ಬರುತ್ತಿದ್ದವು. ಲಿಂಗರಾಜರೂ ದತ್ತು ಬಂದವರೇ. ವಾಡೆಯೊಳಗಿನ ಈ ಲೆಕ್ಕಾಚಾರ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ ಎಂಬುದು ನನ್ನ ಊಹೆ.

ಕಾಯ್ದೆಯ ಪುಸ್ತಕದಲ್ಲೂ ದಾರಿ ತಪ್ಪುವುದು ಸುಲಭ. ಎಲ್ಲರೂ 1882ರ ಟ್ರಸ್ಟ್ ಕಾಯ್ದೆ ತೆರೆಯುತ್ತಾರೆ. ಅದು ಖಾಸಗಿ ಟ್ರಸ್ಟಿನದು, ಧರ್ಮಾದಾಯಕ್ಕೆ ಅನ್ವಯಿಸುವುದಿಲ್ಲ ಎಂದು ಮೊದಲ ಕಲಮೇ ಹೇಳುತ್ತದೆ. ಸಾರ್ವಜನಿಕ ಟ್ರಸ್ಟುಗಳಿಗೆ ಮುಂಬೈ ಸರ್ಕಾರ ಪ್ರತ್ಯೇಕ ಕಾಯ್ದೆ, ರಜಿಸ್ಟರು, ಚಾರಿಟಿ ಕಮಿಷನರ್ ತಂದದ್ದು 1950ರಲ್ಲಿ. ಅದೇ ವರ್ಷ ಪರಗಣಾ ವತನಗಳ ರದ್ದತಿ ಕಾಯ್ದೆಯೂ ಬಂತು. ಮುಂದೆ ಕರ್ನಾಟಕದಲ್ಲಿ ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿದ್ದು 1974ರ ಮಾರ್ಚ್ 1ರಂದು.

ಇಷ್ಟೆಲ್ಲ ದಾಟಿ ಆಸ್ತಿ ಉಳಿಯಿತೋ ಇಲ್ಲವೋ ಎಂಬುದನ್ನು ಪಹಣಿಯ ಉತಾರವೇ ಹೇಳಬೇಕು. ಕಬ್ಜೆದಾರರ ಕಾಲಮ್ಮಿನಲ್ಲಿ ಟ್ರಸ್ಟಿನ ಹೆಸರು, ಅದರ ಮುಂದೆ ವಹಿವಾಟದಾರನ ಹೆಸರು. ಮಗ್ಗುಲಲ್ಲಿ ಹಕ್ಕು ಬದಲಾವಣೆಯ ನಂಬರು. ಆ ಜಾಡು ಹಿಡಿದು ಹಿಂದೆ ಹೋದರೆ 1903ರ ಹಕ್ಕುದಾಖಲೆ ಕಾಯ್ದೆಯ ಕಾಲದವರೆಗೂ ತಲುಪಬಹುದು. ಎಷ್ಟೋ ದಾನಗಳ ಕತೆ ಇಲ್ಲಿಯೇ ತುಂಡಾಗುತ್ತದೆ: ಪತ್ರ ಘನವಾಗಿರುತ್ತದೆ, ಉತಾರದಲ್ಲಿ ಅಜ್ಜನ ಹೆಸರೇ ಕೂತಿರುತ್ತದೆ.

ಈಗ ಹುಬ್ಬಳ್ಳಿಯಲ್ಲಿ ಮನೆ, ಗೋದಾಮನ್ನು ಮಕ್ಕಳಿಗಾಗಿ ಟ್ರಸ್ಟಿಗೆ ಹಾಕುವವರ ಕಾಗದ ಮೂರನೇ ಪುಸ್ತಕದಲ್ಲಿ ಸಿಗದು. ಬದುಕಿದ್ದಾಗಲೇ ಸ್ಥಿರಾಸ್ತಿಯ ಮೇಲೆ ಮಾಡಿದ ಪತ್ರಕ್ಕೆ ನೋಂದಣಿ ಕಡ್ಡಾಯ, ಅದು ಏರುವುದು ಒಂದನೇ ಪುಸ್ತಕಕ್ಕೆ. ಫೀ ಕಟ್ಟಿದರೆ ಯಾರು ಬೇಕಾದರೂ ಓದಬಹುದು, ಪಾಲು ಸಿಗದ ಅಳಿಯಂದಿರೂ.