ಜಾಡು

ಹೆಜ್ಜೆಯ ಗುರುತು, ನಡೆದು ನಡೆದು ಮೂಡಿದ ದಾರಿ: ಇದು ‘ಜಾಡು’. ತೆಲುಗಿನ ‘ಜಾಡ’ ಇದರ ಒಡಹುಟ್ಟು. ‘ಕಳ್ಳರ ಜಾಡು ಹಿಡಿದರು’ ಎಂದು ಪತ್ರಿಕೆಗಳು ಈಗಲೂ ಬರೆಯುತ್ತವೆ. ಜಿಪಿಎಸ್‌ನ ‘ಟ್ರ್ಯಾಕ್’ಗೆ ಇದಕ್ಕಿಂತ ಒಪ್ಪುವ ಮಾತು ನನಗೆ ಕಾಣದು. ಕಾರ್ಕಳದಿಂದ ಕಾಪುವಿಗೆ ಬೈಕಿನಲ್ಲಿ ಬಂದರೆ ಫೋನು ಉಳಿಸಿಕೊಳ್ಳುವ ಬಿಂದುಗಳ ಸಾಲು ಜಾಡು. 1901ರ ಕಾಪು ದೀಪಸ್ತಂಭ ಒಂದೇ ಬಿಂದು, ವೇಪಾಯಿಂಟ್. ಜಾಡು, ಬಿಂದುಗಳನ್ನು ಹಿಡಿದಿಡುವ ಜಿಪಿಎಕ್ಸ್ ಕಡತವನ್ನು ಇನ್ನೊಂದು ನಕ್ಷೆ-ಕಡತದ ರೂಪವಾದ ಕೆಎಂಎಲ್‌ಗೆ ಬದಲಿಸುವಾಗ ಎಚ್ಚರ ಬೇಕು: ಕೆಎಂಎಲ್‌ನಲ್ಲಿ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ಅದಲುಬದಲಾದರೆ 13 ಡಿಗ್ರಿ ಉತ್ತರದ ಕಾಪು 74 ಡಿಗ್ರಿ ಉತ್ತರಕ್ಕೆ, ನಾರ್ವೆಯಾಚೆಯ ಸಮುದ್ರಕ್ಕೆ ಹೋಗಿಬಿಡುತ್ತದೆ! ಕಡತ ಬದಲಿಸಲು ಉಚಿತವಾಗಿ ಸಿಗುವ ತಂತ್ರಾಂಶ ಜಿಪಿಎಸ್‌ಬೇಬಲ್ ಈ ಕ್ರಮವನ್ನು ತಾನೇ ನೋಡಿಕೊಳ್ಳುತ್ತದೆ. ಆದರೂ ಸಮಯದ ದಾಖಲೆ ಬದಲಾವಣೆಯಲ್ಲಿ ಕಳೆದುಹೋಗಬಹುದು. ಮೂಲ ಕಡತವನ್ನು ಅಳಿಸಬೇಡಿ.