ಬರೋಲೋ: ಇಟಲಿಯ ‘ವೈನ್‌ಗಳ ರಾಜ’

ಇಟಲಿಯ ವಾಯವ್ಯ ಭಾಗದ ಪಿಡ್‌ಮಾಂಟ್ ಪ್ರಾಂತ್ಯದಲ್ಲಿ, ಆಲ್ಬಾ ಪಟ್ಟಣದ ಸಮೀಪದ ಲಾಂಗೆ ಬೆಟ್ಟಗಳಲ್ಲಿ ತಯಾರಾಗುವ ಕೆಂಪು ವೈನ್ ಬರೋಲೋ. ದ್ರಾಕ್ಷಿಯ ಸಕ್ಕರೆಯೆಲ್ಲ ಹುದುಗಿ ಮದ್ಯಸಾರವಾಗುವುದರಿಂದ ಇದರಲ್ಲಿ ಸಿಹಿ ಉಳಿಯುವುದಿಲ್ಲ. ಇಂತಹ ವೈನನ್ನೇ ‘ಡ್ರೈ’ ಎನ್ನುತ್ತಾರೆ. ‘ವೈನ್‌ಗಳ ರಾಜ, ರಾಜರ ವೈನ್’ ಎಂಬುದು ಇದಕ್ಕೆ ಹಿಂದಿನಿಂದ ಬಂದಿರುವ ಬಿರುದು.

ದ್ರಾಕ್ಷಿ ಮತ್ತು ನೆಲ

ಬರೋಲೋ ತಯಾರಿಕೆಗೆ ನೆಬ್ಬಿಯೋಲೋ ತಳಿಯ ದ್ರಾಕ್ಷಿಯನ್ನಷ್ಟೇ ಬಳಸಬೇಕು. ಮಂಜಿಗೆ ಇಟಾಲಿಯನ್ ಭಾಷೆಯಲ್ಲಿ ‘ನೆಬ್ಬಿಯಾ’ ಎನ್ನುತ್ತಾರೆ. ಬೆಟ್ಟಗಳಲ್ಲಿ ಮಂಜು ಕವಿಯುವ ಶರತ್ಕಾಲದಲ್ಲಿ, ಉಳಿದ ತಳಿಗಳಿಗಿಂತ ತಡವಾಗಿ ಮಾಗುವ ದ್ರಾಕ್ಷಿಗೆ ಈ ಹೆಸರು ಬಂದಿತೆಂಬುದು ಪ್ರಚಲಿತ ವಿವರಣೆ. ಬರೋಲೋ ಸೇರಿದಂತೆ 11 ಗ್ರಾಮಗಳ ವ್ಯಾಪ್ತಿಗೆ ಮಾತ್ರ ಈ ಹೆಸರಿನ ಹಕ್ಕಿದೆ. ಲಾ ಮೊರ್ರಾ ಕಡೆಯ ವೈನ್ ಮೃದು ಹಾಗೂ ಸುಗಂಧಭರಿತ. ಸೆರ್ರಲುಂಗಾ ಕಡೆಯದು ಗಡುಸು, ದೀರ್ಘಾಯುಷಿ. 2014ರಲ್ಲಿ ಈ ಭಾಗದ ದ್ರಾಕ್ಷಿ ತೋಟಗಳ ಪ್ರದೇಶವು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಕಾಯುವ ನಿಯಮ

1980ರಲ್ಲಿ ಬರೋಲೋಗೆ ಇಟಲಿಯ ಅತ್ಯುನ್ನತ ಮಾನ್ಯತೆಯಾದ ‘ಡಿಒಸಿಜಿ’ ದೊರೆಯಿತು. ಕೊಯ್ಲಿನ ವರ್ಷದ ನವೆಂಬರ್ 1ರಿಂದ ಕನಿಷ್ಠ 38 ತಿಂಗಳು ವೈನನ್ನು ಮಾಗಿಸಬೇಕು. ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿರಬೇಕು. ‘ರಿಸೆರ್ವಾ’ ದರ್ಜೆಗೆ 62 ತಿಂಗಳು ಬೇಕು. ಮದ್ಯಸಾರ ಶೇ 13ಕ್ಕಿಂತ ಕಡಿಮೆ ಇರುವಂತಿಲ್ಲ.

ರುಚಿ ಮತ್ತು ಪರಿಮಳ

ಬಣ್ಣ ನೋಡಿದವರು ಇದನ್ನು ಸೌಮ್ಯವೆಂದು ತಿಳಿದು ಮೋಸಹೋಗುವುದುಂಟು. ತೆಳುಗೆಂಪು ಬಣ್ಣವು ವರ್ಷ ಕಳೆದಂತೆ ಅಂಚಿನಲ್ಲಿ ಇಟ್ಟಿಗೆಯ ಛಾಯೆಗೆ ತಿರುಗುತ್ತದೆ. ಆದರೆ ಬಾಯಿಗಿಟ್ಟೊಡನೆ ಹುಳಿಯೂ, ಎಳೆ ಅಡಿಕೆ ಅಗಿದಂತಹ ಒಗರೂ ನಾಲಿಗೆಯನ್ನು ಹಿಡಿಯುತ್ತವೆ. ಈ ಒಗರಿಗೆ ಕಾರಣ ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಲ್ಲಿರುವ ಟ್ಯಾನಿನ್. ಪರಿಮಳದಲ್ಲಿ ಗುಲಾಬಿ ಮತ್ತು ಡಾಂಬರು ಒಟ್ಟಿಗಿರುವುದು ಬರೋಲೋದ ಗುರುತು. ಚೆರ್ರಿ, ಒಣಗಿದ ಹೂವಿನ ಸುಳಿವೂ ಉಂಟು; ಹಳೆಯದಾದಂತೆ ಚರ್ಮ, ತಂಬಾಕು, ಅಣಬೆಯ ವಾಸನೆ ಮೂಡುತ್ತದೆ. ಹತ್ತು ವರ್ಷ ಇಟ್ಟರೆ ಒಗರು ಇಳಿದು ರುಚಿ ಹದಕ್ಕೆ ಬರುತ್ತದೆ. ಬಡಿಸುವ ಮೊದಲು ಒಂದೆರಡು ಗಂಟೆ ಗಾಳಿಗೆ ತೆರೆದಿಟ್ಟು, 16ರಿಂದ 18 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕುಡಿಯುವುದು ಪದ್ಧತಿ. ಬೇಯಿಸಿದ ಮಾಂಸ, ಹಳೆಯ ಗಿಣ್ಣು, ಆಲ್ಬಾದ ಬಿಳಿ ಟ್ರಫಲ್ ಇದಕ್ಕೆ ಒಪ್ಪುವ ಜೊತೆ.

ಪೀಪಾಯಿಯ ಜಗಳ

ಈ ಕಾಯುವಿಕೆಯೇ ಒಮ್ಮೆ ಮನೆಗಳನ್ನು ಒಡೆಯಿತು. ಹಿಂದಿನವರು ದೊಡ್ಡ ಹಳೆಯ ಪೀಪಾಯಿಗಳಲ್ಲಿ ವರ್ಷಗಟ್ಟಲೆ ವೈನ್ ಇಡುತ್ತಿದ್ದರು. ಬೇಗ ಕುಡಿಯಲು ಬರುವ ವೈನ್ ಬಯಸಿದ ಯುವಕರು, ಸುಮಾರು 225 ಲೀಟರಿನ ಚಿಕ್ಕ ಫ್ರೆಂಚ್ ಓಕ್ ಪೀಪಾಯಿ ‘ಬರೀಕ್’ ತಂದರು. 1983ರಲ್ಲಿ ಲಾ ಮೊರ್ರಾದ ಎಲಿಯೋ ಅಲ್ತಾರೆ ತಂದೆಯ ಹಳೆಯ ಪೀಪಾಯಿಗಳನ್ನು ಯಂತ್ರಗರಗಸದಿಂದ ಕತ್ತರಿಸಿಹಾಕಿದರು. ಕೆರಳಿದ ತಂದೆ ಮಗನಿಗೆ ಆಸ್ತಿ ತಪ್ಪಿಸಿದರು. ಇತ್ತ ಬಾರ್ತೋಲೋ ಮಸ್ಕರೆಲ್ಲೋ 2005ರಲ್ಲಿ ನಿಧನರಾಗುವವರೆಗೂ ಬರೀಕ್ ಮುಟ್ಟಲಿಲ್ಲ.

ಇಂದು ಆ ಕಾವು ಆರಿದೆ. ದೊಡ್ಡ ಪೀಪಾಯಿಗಳು ಅನೇಕ ನೆಲಮಾಳಿಗೆಗಳಿಗೆ ಮರಳಿವೆ. ಹೊಸಬರು ಕಲಿಸಿದ ಶುಚಿತ್ವ ಮತ್ತು ತೋಟದ ಆರೈಕೆಯನ್ನು ಹಳಬರೂ ಒಪ್ಪಿಕೊಂಡಿದ್ದಾರೆ.